ಗಾಣಿಗನ ಹೆಂಡತಿಯ ತಲೆನೋವು

ಮಠದಲ್ಲಿ ಅಡುಗೆ ಮಾಡುವ ಗುರುಸಿದ್ದವ್ವನ ಮಧ್ಯಾಹ್ನದ ನಿದ್ದೆಯನ್ನು ಕಸಿದುಕೊಂಡವನೇ ಅವಳ ತಲೆನೋವಿಗೆ ಮದ್ದು ಕೇಳಲು ಗುರುಗಳ ಬಳಿ ಬಂದ. ಅವನು ಶಿಷ್ಯ ಚನ್ನವೀರ.

"ಗುರುಗಳೇ, ದಿನಾ ಹೊತ್ತು ವಾಲಿದರೆ ಸಾಕು, ಗುರುಸಿದ್ದವ್ವ ತಲೆ ಹಿಡಿದುಕೊಂಡು ನರಳುತ್ತಾಳೆ. ನನಗೆ ಓದಲು ಆಗುವುದಿಲ್ಲ. ಯಾವ ಬೇರು ತೇಯ್ದು ಹಚ್ಚಬೇಕು?"

ಗುರುಗಳು ಹೇಳಿದರು:

ಒಬ್ಬ ಗಾಣಿಗನಿದ್ದ. ನಡುಹಗಲಾದರೆ ಎತ್ತಿನ ಕೊರಳಿಂದ ನೊಗ ಇಳಿಸಿ, ನೆರಳಿಗೆ ಕಟ್ಟಿ, ನೀರು ಕುಡಿಸುತ್ತಿದ್ದ. ಆ ಹೊತ್ತಿನಲ್ಲಿ ತಿರುಗಿಸಿದ ಎತ್ತು ಬಾಳುವುದಿಲ್ಲವೆಂದು ಅವನ ಅಪ್ಪ ಕಲಿಸಿದ್ದ. ತಾನೂ ಉಂಡು ಮಲಗುತ್ತಿದ್ದ. ಹೆಂಡತಿ ಮಾತ್ರ ಅಂಗಳದ ಬಿಸಿಲಿನಲ್ಲಿ ಬಗ್ಗಿ ಕುಳಿತು ಮರುದಿನ ಗಾಣಕ್ಕೆ ಹಾಕುವ ಕುಸುಬೆಯಿಂದ ಕಲ್ಲುಹರಳು ಆರಿಸುತ್ತಿದ್ದಳು. ನಡುನಡುವೆ ಎದ್ದು ಎತ್ತಿನ ಮೈಮೇಲಿನ ನೊಣ ಓಡಿಸುತ್ತಿದ್ದಳು. ಇಳಿಹೊತ್ತಿಗೆ ಅವಳ ತಲೆ ಸಿಡಿಯುತ್ತಿತ್ತು.

ಗಾಣಿಗ ಕೆಟ್ಟವನಲ್ಲ. ಶುಂಠಿ ತೇಯ್ದು ಹಚ್ಚಿದ. ಹಣೆಗೆ ಬಟ್ಟೆ ಬಿಗಿದ. ಕೊನೆಗೆ ವೈದ್ಯನನ್ನೇ ಕರೆತಂದ.

"ತಂಗಿ, ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತೀ?" ಎಂದ ವೈದ್ಯ.

"ಮಲಗುವುದಾ? ಆಮೇಲೆ ಎತ್ತಿನ ನೊಣ ಓಡಿಸುವವರು ಯಾರು ಅಣ್ಣಾ?" ಆಕೆ ನಕ್ಕಳು.

ವೈದ್ಯ ನಗಲಿಲ್ಲ. ಗಾಣಿಗನತ್ತ ತಿರುಗಿ, "ಇದರ ಮದ್ದು ನನ್ನ ಚೀಲದಲ್ಲಿಲ್ಲ. ನಾಳೆ ಎತ್ತು ಬಿಚ್ಚುವಾಗ ಇವಳನ್ನೂ ಬಿಚ್ಚು" ಎಂದ.

"ಇವಳನ್ನು ನಾನೆಲ್ಲಿ ಕಟ್ಟಿದ್ದೇನೆ?"

ಮರುದಿನ ನಡುಹಗಲು ಗಾಣಿಗ ಎತ್ತಿಗೆ ನೀರು ಕುಡಿಸಿ ಹಿಂತಿರುಗಿದ. ಇಳಿಸಿಟ್ಟ ನೊಗವನ್ನು ಅವನ ಹೆಂಡತಿ ತನ್ನ ಕೊರಳಿಗೆ ಹಾಕಿಕೊಂಡು ಗಾಣದ ಪಕ್ಕ ನಿಂತಿದ್ದಳು.

"ಈಗಾದರೂ ಕಾಣಿಸುತ್ತದಲ್ಲ? ಬಿಚ್ಚಿ."

ಗಾಣಿಗ ಓಡಿಬಂದು ನೊಗ ಇಳಿಸಿದ. ಅವಳು ನೆರಳಿಗೆ ಹೋಗಿ, ಒಂದು ಚೊಂಬು ನೀರು ಕುಡಿದು, ಎತ್ತಿನ ಮಗ್ಗುಲಲ್ಲೇ ಮಲಗಿಬಿಟ್ಟಳು. ಹರಳು ಆರಿಸಲು ಅವನು ಕುಳಿತ. ಆ ಸಂಜೆ ಅವಳ ತಲೆ ನೋಯಲಿಲ್ಲ. ಅವನದು ಸಿಡಿಯುತ್ತಿತ್ತು.

ಚನ್ನವೀರ ಬೆಚ್ಚಿಬಿದ್ದಿದ್ದ. "ಎಂಥ ಕುರುಡ, ಗುರುಗಳೇ! ಹೆಂಡತಿ ನೊಗ ಹೊರುವ ತನಕ ಅವನಿಗೆ ತಿಳಿಯಲಿಲ್ಲವೇ?"

"ನೀನು ಈಗಷ್ಟೇ ಮಲಗಿ ಎದ್ದು ಬಂದೆಯಲ್ಲ, ನೀನು ಉಂಡ ತಟ್ಟೆ ಯಾರ ಕೈಯಲ್ಲಿದೆ?" ಎಂದರು ಗುರುಗಳು.

ಚನ್ನವೀರ ಗುರುಸಿದ್ದವ್ವ ಇದ್ದ ಅಡುಗೆಮನೆಯತ್ತ ತಿರುಗಿ ನೋಡಿದ.

"ಏಳು, ಹೋಗಿ ಅದನ್ನು ನೀನು ತೊಳೆ, ಅವಳು ಮಲಗಲಿ."