ನಾಗೋಜಿರಾಯರ ಹೊಲದಲ್ಲಿ ಕುರಿಮಂದೆ

ಕಣಜಗಿರಿಯ ದೊರೆ ಚೆನ್ನಭೈರಸನಿಗೆ ಬೇಸಾಯದ ವಿಷಯದಲ್ಲಿ ಸಲಹೆ ಕೊಡಲು ಏಳು ಜನ ಇದ್ದರು. ಏಳೂ ಜನರ ಅಂಗಾಲು ಬೆಣ್ಣೆಯಷ್ಟು ಮೆತ್ತಗೆ. ಅವರಿಗೆ ಹಿರಿಯರಾದ ನಾಗೋಜಿರಾಯರು ಒಂದು ಬೆಳಿಗ್ಗೆ ಆಸ್ಥಾನದಲ್ಲಿ ಎದ್ದು ನಿಂತು ಶಲ್ಯ ಸರಿಮಾಡಿಕೊಂಡರು.

"ಪ್ರಭು, ತಮ್ಮ ರಾಜ್ಯದಲ್ಲಿ ಯಾರಿಗೂ ಕಾಣದ ಒಂದು ಕಳ್ಳತನ ನಡೆಯುತ್ತಿದೆ. ನಾನು ಪಲ್ಲಕ್ಕಿಯಲ್ಲಿ ಕುಳಿತೇ ಅದನ್ನು ಕಂಡುಹಿಡಿದೆ."

"ಏನದು?"

"ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾಹಿಗಳು ರಾತ್ರಿ ಮಂದೆ ನಿಲ್ಲಿಸುತ್ತಾರೆ. ನೆಲ ರೈತನದು, ಕುರಿ ಇವರದು, ಬಾಡಿಗೆ ಮಾತ್ರ ಇಲ್ಲ! ಇನ್ನು ಮೇಲೆ ರಾತ್ರಿಗೊಂದು ಕುರಿ ಬಾಡಿಗೆ ಕೊಡಲಿ. ಅರ್ಧ ರೈತನಿಗೆ, ಅರ್ಧ ಅರಮನೆಗೆ."

"ಅರಮನೆಗೆ ತಲೆಯ ಕಡೆಯ ಅರ್ಧವೋ, ಬಾಲದ ಕಡೆಯದೋ?" ಎಂದು ಮೂಲೆಯಿಂದ ಕೇಳಿದ ಮಾಕಣ್ಣ. ಅವನು ದೊರೆಯ ಆಸ್ಥಾನದ ಮಾತುಗಾರ. ಆದರೆ ದೊರೆಗೆ ಆಗಲೇ ಕುರಿಸಾರಿನ ವಾಸನೆ ಹತ್ತಿತ್ತು. ಸಂಜೆಗೆ ಊರೂರಲ್ಲಿ ಡಂಗುರ ಹೊಡೆಸಿದ.

ಮರುದಿನ ಮಾಕಣ್ಣ ಬಾಗಿಲು ತೆರೆದರೆ ಜಗಲಿಯ ಮೇಲೆ ಕೆಂಚವ್ವ ಕೂತಿದ್ದಳು. ಹಳ್ಳದ ಆಚೆ ಅವಳದೊಂದು ಜೋಳದ ಹೊಲ.

"ಮಾಕಣ್ಣ, ಕುರಿ ಕಾಯೋ ಜಡಿಯಪ್ಪ ಮಂದೆ ಹೊಡ್ಕೊಂಡು ಗಡಿ ದಾಟ್ತೀನಿ ಅಂತಿದಾನೆ. ಈ ವಾರ ನನ್ನ ಹೊಲದ ಸರದಿ. ನಮ್ಮ ಯಜಮಾನರು ಒಂದು ವರ್ಷವೂ ಮಂದೆ ತಪ್ಪಿಸಿದವರಲ್ಲ. ಅವರು ಹೋದ ಮೇಲೆ ಎತ್ತು ಮಾರಿದೆ, ತಿಪ್ಪೇಲಿ ಗೊಬ್ಬರ ಇಲ್ಲ. ಈಗ ಮಂದೆಯೂ ಬರಲಿಲ್ಲ ಅಂದರೆ ಆ ನೆಲ ನನಗೆ ಏನು ಕೊಟ್ಟೀತು?"

"ರಾಯರಿಗೆ ಇದನ್ನ ಹೇಳಿದೆಯಾ ಅವ್ವ?"

"ಹೇಳಿದೆ. 'ನಿನ್ನ ಒಳ್ಳೇದಕ್ಕೇ ಮಾಡಿದ್ದು, ತಿಳಿಯದಿದ್ದರೆ ಸುಮ್ಮನಿರು' ಅಂದರು."

ಮಾಕಣ್ಣ ಗಲ್ಲ ತುರಿಸಿಕೊಂಡ. "ಹೇಳಿದರೆ ಅವರ ತಲೆಗೆ ಹೋಗುವುದಿಲ್ಲ. ಹೊಲಕ್ಕೇ ಕರೆತಂದರೆ ಹೋಗುತ್ತದೋ ನೋಡೋಣ. ನಾಳೆ ಬೆಳಿಗ್ಗೆ ಅಕ್ಕಪಕ್ಕದವರನ್ನು ಕರೆದುಕೊಂಡು ರಾಯರ ಹೊಲದ ಹತ್ತಿರ ಬಾ. ಎಲ್ಲರ ಕೈಯಲ್ಲೂ ಬುಟ್ಟಿ ಇರಲಿ."

ಅಲ್ಲಿಂದ ನೆಟ್ಟಗೆ ಆಸ್ಥಾನಕ್ಕೆ ಹೋದ. "ಪ್ರಭು, ಇಷ್ಟು ಒಳ್ಳೆಯ ಕಾನೂನು ಮೊದಲು ಅದನ್ನು ಹುಟ್ಟಿಸಿದವರ ಹೊಲದಲ್ಲೇ ಜಾರಿಯಾಗಬೇಡವೇ? ಮೊದಲ ಬಾಡಿಗೆಯ ಗೌರವ ರಾಯರಿಗೇ ಸಲ್ಲಲಿ. ತಾವೇ ಬಂದು ನೋಡಬೇಕು."

ನಾಗೋಜಿರಾಯರಿಗೆ ಮಾಕಣ್ಣ ಅಷ್ಟೇನೂ ಕೆಟ್ಟವನಲ್ಲ ಎಂದು ಅಂದೇ ಮೊದಲ ಸಲ ಅನ್ನಿಸಿತು.

ಆ ಸಂಜೆ ಜಡಿಯಪ್ಪ ಮಾಕಣ್ಣನ ಮಾತಿನಂತೆ ರಾಯರ ಹೊಲದಲ್ಲಿ ಮಂದೆ ನಿಲ್ಲಿಸಿದ. ಬೆಳಕು ಹರಿದಾಗ ದೊರೆ ಬಂದ. ಮೂಗಿಗೆ ವಸ್ತ್ರ ಹಿಡಿದು ಏಳು ಸಲಹೆಗಾರರೂ ಬಂದರು.

"ಎಲ್ಲಯ್ಯ ಬಾಡಿಗೆ?" ಎಂದರು ರಾಯರು.

ಜಡಿಯಪ್ಪ ಕೈಮುಗಿದ. "ಕೊಟ್ಟಾಯ್ತು ಬುದ್ಧಿ."

"ಯಾವಾಗ? ಎಲ್ಲಿ?"

"ಹೊಲದ ತುಂಬ ಹರಡಿದೀನಿ. ತಾವು ನಿಂತಿರೋದೇ ಅದರ ಮೇಲೆ."

ಏಳೂ ಜನ ಒಟ್ಟಿಗೆ ಒಂದೊಂದು ಕಾಲೆತ್ತಿದರು.

"ಕುರಿಹಿಕ್ಕೆಯನ್ನು ಬಾಡಿಗೆ ಅನ್ನುತ್ತೀಯಾ!" ರಾಯರು ಕೂಗಿದರು. "ಈ ಹೊಲಸು ನನ್ನದಲ್ಲ. ಈಗಿಂದೀಗಲೇ ಎತ್ತಿಸು!"

"ಪ್ರಭುಗಳು ಕೇಳಿಸಿಕೊಂಡರಲ್ಲ? ರಾಯರು ತಮ್ಮದಲ್ಲ ಅಂದರು," ಎಂದ ಮಾಕಣ್ಣ. "ಅವ್ವ, ಇನ್ನು ನೀವುಂಟು, ಜಡಿಯಪ್ಪ ಉಂಟು."

ಬದುವಿನ ಮೇಲೆ ಬುಟ್ಟಿ ಹಿಡಿದು ನಿಂತವರು ಹೊಲಕ್ಕೆ ಇಳಿದರು.

"ನನಗೆ ಕೊಡು ಜಡಿಯಪ್ಪ, ಒಂದು ಕೊಳಗ ಜೋಳ ಅಳೀತೀನಿ."

"ಎರಡು ಕೊಳಗ ನಂದು!"

"ನಂದೂ ಎರಡು, ಮೇಲೆ ನಿನಗೂ ನಿನ್ನ ನಾಯಿಗೂ ಊಟ!"

"ಏ, ಸರೀರೋ!" ಕೆಂಚವ್ವ ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿದಳು. "ಈ ವಾರದ ಸರದಿ ನಂದು. ಮೂರು ಕೊಳಗ!"

ದೊರೆಗೆ ಆಶ್ಚರ್ಯ. "ಇದಕ್ಕೆ ಇಷ್ಟು ಜಗಳವೇನಮ್ಮ?"

"ಬುದ್ಧಿ, ಮಂದೆ ನಿಂತ ಹೊಲದಲ್ಲಿ ಜೋಳದ ಪೈರು ಕರ್ರಗೆ ಸೊಂಪಾಗಿ ಎದ್ದು ಬರ್ತದೆ. ಎರಡು ಬೆಳೆವರೆಗೂ ಆ ಕಸುವು ಇರ್ತದೆ. ಇಲ್ಲಿ ನಮ್ಮ ಬುಟ್ಟಿಗೆ ಬರೋದು ಬರೀ ಹಿಕ್ಕೆ. ಉಚ್ಚೆ ಆಗಲೇ ನೆಲಕ್ಕೆ ಇಳಿದು ರಾಯರ ಪಾಲಾಯ್ತು. ಅದಕ್ಕೇ ನಾವು ಕಾಳು ಕೊಟ್ಟು ಮಂದೇನ ಹೊಲಕ್ಕೇ ಕರೆಸೋದು. ಅವನು ನಮಗೆ ಬಾಡಿಗೆ ಕೊಡೋದಿರಲಿ, ಅವನಿಗೆ ನಾವೇ ಕೂಲಿ ಕೊಡ್ತೀವಿ."

ಇದನ್ನು ಕೇಳುತ್ತ ಕೇಳುತ್ತ ರಾಯರ ಮೂಗಿನಿಂದ ವಸ್ತ್ರ ಕೆಳಗಿಳಿದಿತ್ತು. ಒಬ್ಬ ರೈತ ಬುಟ್ಟಿ ತುಂಬತೊಡಗಿದ್ದನ್ನು ಕಂಡು ಅವರು ತಡೆಯಲಾರದೆ ಓಡಿದರು.

"ನಿಲ್ಲಿಸಿ! ನನ್ನ ಹೊಲದಲ್ಲಿ ಬಿದ್ದದ್ದು ನನ್ನದು. ಯಾರೂ ಮುಟ್ಟಕೂಡದು!"

"ನಿಮ್ಮದೇ ತಾನೆ?" ಎಂದ ಮಾಕಣ್ಣ.

"ನನ್ನದೇ! ಒಂದೊಂದು ಹಿಕ್ಕೆಯೂ ನನ್ನದೇ!"

"ಹಾಗಾದರೆ ಬಾಡಿಗೆ ನಿಮಗೆ ಮುಟ್ಟಿತು. ಇನ್ನು ನೀವು ಜಡಿಯಪ್ಪನಿಗೆ ಕೊಡಬೇಕಾದ ಕೂಲಿ ಉಳಿಯಿತು. ಅವ್ವ ಅದರ ಬೆಲೆಯನ್ನು ಮೂರು ಕೊಳಗಕ್ಕೆ ನಿಲ್ಲಿಸಿದ್ದಾಳೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಡಂಗುರ ರದ್ದು!" ಎಂದ. "ಇಂದಿನಿಂದ ಮಂದೆ ಕೆಂಚವ್ವನ ಹೊಲದಲ್ಲಿ ನಿಲ್ಲಲಿ. ಕೂಲಿ ರಾಯರ ಕಣಜದಿಂದ ಹೋಗಲಿ. ಮತ್ತೆ ಈ ಏಳು ಜನ ಒಂದು ವರ್ಷ ಹಳ್ಳಿಗಳಲ್ಲಿದ್ದು, ರೈತರು ಏನು ಮಾಡಿ ಕೆಟ್ಟರು, ಏನು ಮಾಡಿ ಗೆದ್ದರು ಎಂದು ಅವರ ಬಾಯಿಂದಲೇ ಕೇಳಿ ಕಲಿಯಲಿ."

ಕೆಂಚವ್ವ ಕಣ್ಣೊರೆಸಿಕೊಂಡು ಕೈಮುಗಿದಳು. ದೊರೆ ಅವಳ ಕಡೆ ತಿರುಗಿದ. "ಮಂದೆ ನಿಂತರೆ ಮೂರು ಕೊಳಗ ಕೊಡುತ್ತೀಯಲ್ಲ ತಾಯಿ, ನನ್ನ ಸಲಹೆಗಾರರು ನಿನ್ನ ಹೊಲದಲ್ಲಿ ನಿಂತರೆ ಎಷ್ಟು ಕೊಡುತ್ತೀ?"

ಅವಳು ಏಳು ಜನರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಮಾಕಣ್ಣನ ಮುಖ ನೋಡಿದಳು.

"ಪ್ರಭು," ಎಂದ ಮಾಕಣ್ಣ, "ಕುರಿ ಒಂದು ರಾತ್ರಿ ಮಲಗಿದರೂ ಹೊಲಕ್ಕೆ ಏನಾದರೂ ಬಿಟ್ಟು ಏಳುತ್ತದೆ. ಇವರು ಬಿಟ್ಟು ಏಳುವುದು ಸಲಹೆಯನ್ನು. ಅದಕ್ಕೆ ರಾಯರ ಕಾನೂನನ್ನು ಪೂರ್ತಿ ರದ್ದು ಮಾಡಬೇಡಿ. ಇವರು ಮಲಗಿದ ಹೊಲಕ್ಕೆ ಇವರೇ ಬಾಡಿಗೆ ಕೊಡಲಿ."