ಗಾಡಿ ಎಣಿಸೋಕೆ ಬಂದವನು

ನಮ್ಮ ಬೀದಿ ತುದಿಯಲ್ಲಿ ಇನ್ನೂರು ಮನೆಯ ಅಪಾರ್ಟ್‌ಮೆಂಟು ಏಳಬೇಕಂತೆ. ಈಗಲೇ ರಸ್ತೆ ದಾಟೋಕೆ ನನಗೆ ಅರ್ಧ ಗಂಟೆ ಬೇಕು. ಓಡಾಟ ಕಮ್ಮಿ ಇದ್ದರೆ ಮಾತ್ರ ಪರ್ಮಿಷನ್ನು ಅಂತ, ಗಾಡಿ ಎಣಿಸೋಕೆ ನಗರಸಭೆ ಗುಮಾಸ್ತ ನಮ್ಮ ಜಗಲಿ ಮೇಲೆ ಬಂದು ಕೂತ. ಅವನಿಗಿಂತ ಮುಂಚೆ ನಾನು ಕೂತಿದ್ದೆ. ಮೂವತ್ತು ವರ್ಷದಿಂದ ನನಗೂ ಅದೇ ಕಸುಬು, ಸಂಬಳ ಇಲ್ಲ ಅಷ್ಟೇ.

ಕಟ್ಟಿಸೋ ಧರಣಪ್ಪ ಹೆಂಡತಿ ಸಮೇತ ಕಾರಲ್ಲಿ ಬಂದ, ತಾನೊಬ್ಬನೇ ಇಳಿದು ಗುಮಾಸ್ತನ ಲೆಕ್ಕದ ಪುಸ್ತಕ ನೋಡಿದ. "ಆರುನೂರು ಗಾಡಿ ಯಾಕಯ್ಯ? ಅರವತ್ತು ಅಂತ ಬರಿ. ಇಲ್ಲದಿದ್ದರೆ ನಿನ್ನ ಎತ್ತಂಗಡಿ ಮಾಡಿಸ್ತೀನಿ" ಅಂದ.

ಗುಮಾಸ್ತ ಕೈ ಮುಗಿದ. "ಆಗಲಿ ಸಾರ್. ಆದರೆ ಲೆಕ್ಕದಿಂದ ಬಿಟ್ಟ ಗಾಡಿ ಯಾರದ್ದು, ಎಲ್ಲಿಗೆ ಹೋಯ್ತು ಅಂತ ಬರೀಬೇಕು. ನಿಮ್ಮದರಿಂದಲೇ ಶುರು ಮಾಡೋಣ. ಅಜ್ಜಿ, ಸಾಹೇಬರ ಕಾರು ಇವತ್ತು ಎಲ್ಲೆಲ್ಲಿಗೆ ಹೋಯ್ತು?"

ನನ್ನ ಬಾಯಿಗೆ ಬೀಗ ಎಲ್ಲಿದೆ? "ಎರಡು ಸಲ ಸೈಟಿಗೆ. ಒಂದು ಸಲ ಟೈಲರ್ ಪ್ರಮೀಳಾ ಮನೆಗೆ. ಕೈಯಲ್ಲಿ ಬಟ್ಟೆ ಇರಲಿಲ್ಲ, ಮಲ್ಲಿಗೆ ಇತ್ತು."

ಕಾರಿನ ಗಾಜು ಸರ್ರನೆ ಇಳಿಯಿತು. "ಅಜ್ಜೀ, ನಿನ್ನೆಯದೂ ಹೇಳಿ" ಅಂದಳು ಹೆಂಡತಿ.

"ಆರುನೂರೇ ಬರ್ಕೋ ಮಹಾರಾಯ!" ಅಂತ ಧರಣಪ್ಪ ಕಾರು ಓಡಿಸಿದ.

ಅಪಾರ್ಟ್‌ಮೆಂಟು ಬರಲಿಲ್ಲ. ಆದರೆ ಯಾರ ಗಾಡಿ ಎಲ್ಲಿಗೆ ಹೋಯ್ತು ಅಂತ ಅಜ್ಜಿ ಲೆಕ್ಕ ಇಡ್ತಾಳೆ ಅನ್ನೋ ಸುದ್ದಿ ಹಬ್ಬಿ, ಅರ್ಧ ಊರು ಈಗ ಹಿಂದಿನ ಬೀದಿಯಲ್ಲಿ ಓಡಾಡುತ್ತೆ. ನಾನು ಕೂತು ನಾಯಿ ನೋಡ್ತಿದ್ದೀನಿ.