ಹರಿಗೋಲಿನ ಆಟವನ್ನು ಹೊಸದು ಮಾಡಿದವಳು

"ಗುರುಗಳೇ, ಹಳೆಯದನ್ನು ಹೊಸಬರಿಗಾಗಿ ತಿದ್ದುವಾಗ ಎಷ್ಟನ್ನು ಉಳಿಸಬೇಕು, ಎಷ್ಟನ್ನು ಬಿಡಬೇಕು?"

ಕೇಳಿದವನು ರೇವಣಯ್ಯ. ಮಠದ ಪಾಠಶಾಲೆಯಲ್ಲಿ ಅವನು ವ್ಯಾಕರಣ ಹೇಳಿಕೊಡುತ್ತಿದ್ದ. ಆ ವರ್ಷ ಹದಿನಾರು ಮಕ್ಕಳು ಸೇರಿದ್ದರು. ಏಳು ಮಂದಿ ಆಗಲೇ ಬರುವುದನ್ನು ಬಿಟ್ಟಿದ್ದರು. ಹಳೆಯ ಪಾಠದ ಪುಸ್ತಕ ಈಗಿನ ಮಕ್ಕಳಿಗೆ ಕಷ್ಟವೆಂದು ತಿಳಿದು, ಅವನು ಅವರಿಂದ ಬಿಡಿಸಲಾಗದ ಅಭ್ಯಾಸದ ಪ್ರಶ್ನೆಗಳನ್ನೆಲ್ಲ ತೆಗೆದು ತೆಳುವಾದ ಇನ್ನೊಂದು ಪುಸ್ತಕ ಬರೆದು ತಂದಿದ್ದ. ಅದಕ್ಕೆ ಗುರುಗಳ ಒಪ್ಪಿಗೆ ಬೇಕಿತ್ತು.

ಗುರುಗಳು ಪುಸ್ತಕವನ್ನು ಕೈಗೆ ತೆಗೆದುಕೊಂಡರು. ತೆರೆಯಲಿಲ್ಲ. ಪಕ್ಕದಲ್ಲಿಟ್ಟು, ಕತೆ ಹೇಳಿದರು.

ಹೊಸಪೇಟೆಯಲ್ಲಿ ಹುಲುಗಪ್ಪ ಎಂಬ ಮೇಷ್ಟರಿದ್ದರು. ಟೈಪಿಂಗ್ ಕಲಿಸುತ್ತಿದ್ದರು. ಊರಿಗೆ ಕಂಪ್ಯೂಟರ್ ಬಂದ ಮೊದಲ ದಿನಗಳಲ್ಲಿ ಅವರೂ ಒಂದನ್ನು ತರಿಸಿದರು. ವಿದ್ಯಾರ್ಥಿಗಳು ಅದನ್ನು ಮುಟ್ಟಲು ಹೆದರುತ್ತಿದ್ದರು. ಆ ಹೆದರಿಕೆ ಹೋಗಲೆಂದು ಮೇಷ್ಟರು ತಾವೇ ಕೂತು ಒಂದು ಆಟ ಬರೆದರು. ಅದರ ಹೆಸರು ಹರಿಗೋಲು.

ಆಟ ಇಷ್ಟೇ. ಒಂದು ನದಿ. ಈ ದಡದಲ್ಲಿ ಒಂದು ಹರಿಗೋಲು. ಅದನ್ನು ಆ ದಡಕ್ಕೆ ಸೇರಿಸಬೇಕು. ಹರಿಗೋಲು ದುಂಡಗಿರುವುದರಿಂದ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತದೆ. ನದಿಯಲ್ಲಿ ಸುಳಿಗಳಿವೆ, ಬಂಡೆಗಳಿವೆ. ಕೆಲವು ಬಂಡೆಗಳು ನೀರಿನ ಕೆಳಗಿದ್ದು ಕಣ್ಣಿಗೆ ಕಾಣುವುದಿಲ್ಲ. ಬಡಿದರೆ ಮುಳುಗಿದಂತೆ. ಹನ್ನೆರಡು ಹಂತಗಳು. ಯಾವ ಹಂತದಲ್ಲಿ ಮುಳುಗಿದರೂ ಮತ್ತೆ ಮೊದಲ ಹಂತದಿಂದ ಶುರು ಮಾಡಬೇಕು.

ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳು, ಅಷ್ಟೇ ನದಿ. ಆದರೂ ಊರಿನ ಹುಡುಗರು, ಹುಡುಗಿಯರು ಆ ಆಟಕ್ಕಾಗಿಯೇ ಟೈಪಿಂಗ್ ಕ್ಲಾಸಿಗೆ ಸೇರಿದರು.

ಅವರಲ್ಲಿ ಪಂಪಾವತಿ ಎಂಬವಳು ಒಬ್ಬಳು. ಆಗ ಅವಳಿಗೆ ಹದಿನಾರು. ಮುಂದೆ ಓದಿ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಆಟಗಳನ್ನು ಮಾಡುವ ಒಂದು ಚಿಕ್ಕ ಕಂಪನಿಗೆ ಸೇರಿದಳು. ಎಷ್ಟೋ ವರ್ಷ ಬೇರೆಯವರು ಹೇಳಿದ ಆಟಗಳನ್ನು ಮಾಡಿಕೊಟ್ಟಳು. ನಲವತ್ತು ದಾಟಿದ ಮೇಲೆ ಒಂದು ದಿನ ಯಜಮಾನರ ಮುಂದೆ ನಿಂತು, "ನಾನು ಹರಿಗೋಲನ್ನು ಈಗಿನವರಿಗಾಗಿ ಮತ್ತೆ ಕಟ್ಟುತ್ತೇನೆ" ಎಂದಳು. ಯಜಮಾನರು ಎಂಟು ತಿಂಗಳ ಸಮಯ ಕೊಟ್ಟರು.

ಅವಳು ಮೇಷ್ಟರ ಹತ್ತಿರ ಹೋಗಿ ಒಪ್ಪಿಗೆ ಕೇಳಿದಳು. ಮೇಷ್ಟರು ಕಪಾಟಿನಿಂದ ಐದು ಫ್ಲಾಪಿಗಳನ್ನು ತೆಗೆದುಕೊಟ್ಟರು. ಐದಕ್ಕೂ ಬೂಸ್ಟು ಹಿಡಿದಿತ್ತು. ಒಂದೂ ತೆರೆಯಲಿಲ್ಲ. ಆದರೆ ಆಟದ ಪ್ರೋಗ್ರಾಂ ಪೂರ್ತಿ ಒಂದು ಉದ್ದನೆಯ ಕಾಗದದ ಮೇಲೆ ಅಚ್ಚಾಗಿ ಉಳಿದಿತ್ತು. ಶಾಯಿ ಮಾಸಿತ್ತು. ಪಂಪಾವತಿ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಓದಿ, ಒಂದೊಂದೇ ಸಾಲು ಟೈಪ್ ಮಾಡಿದಳು. ನಲವತ್ತು ದಿನ ಹಿಡಿಯಿತು. ಒಂದು ಅಂಕಿ ಸೊನ್ನೆಯೋ ಎಂಟೋ ಎಂದು ತಿಳಿಯದೆ ಹೋದರೆ ಎರಡನ್ನೂ ಹಾಕಿ ನೋಡಿ, ಹರಿಗೋಲು ಸರಿಯಾಗಿ ಸುತ್ತಿದ್ದನ್ನು ಇಟ್ಟುಕೊಂಡಳು.

ಆಮೇಲೆ ಹೊಸ ಬಣ್ಣ ಕೊಟ್ಟಳು. ನೀರು ನೀರಿನಂತೆಯೇ ಹರಿಯಿತು. ಬಂಡೆಗಳ ಮೇಲೆ ಬಿಸಿಲು ಬಿತ್ತು. ತುಂಗಭದ್ರೆಯ ದಡದಲ್ಲಿ ನಿಂತು ನದಿಯ ಸದ್ದನ್ನು ಹಿಡಿದು ತಂದು ಆಟಕ್ಕೆ ಸೇರಿಸಿದಳು. ಆಟದ ನಿಯಮವನ್ನು ಮಾತ್ರ ಕೂದಲೆಳೆಯಷ್ಟೂ ಬದಲಿಸಲಿಲ್ಲ. ಬಂಡೆಗಳು ಹಳೆಯ ಜಾಗದಲ್ಲೇ ಇದ್ದವು.

ಯಜಮಾನರು ಇಪ್ಪತ್ತು ಮಂದಿ ಕಾಲೇಜು ಹುಡುಗ ಹುಡುಗಿಯರನ್ನು ಕರೆಸಿದರು. ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್, ಕಿವಿಗೆ ಹೆಡ್‌ಫೋನ್. ಎಲ್ಲರೂ ಚಿತ್ರ ನೋಡಿ ಹಿಗ್ಗಿದರು. ಮೊದಲ ಹಂತ ದಾಟಿದರು. ಎರಡನೆಯದರಲ್ಲಿ ಮುಳುಗಿದರು, ಮತ್ತೆ ಶುರು ಮಾಡಿದರು, ಮತ್ತೆ ಮುಳುಗಿದರು. ಕಾಲು ಗಂಟೆಯಲ್ಲಿ ಹತ್ತೊಂಬತ್ತು ಮಂದಿ ಎದ್ದುಬಿಟ್ಟರು. ಕೊನೆಗೆ ಉಳಿದವಳು ಶೈಲಶ್ರೀ ಎಂಬ ಹುಡುಗಿ. ಅವಳೂ ಎದ್ದು, "ಚೆನ್ನಾಗಿದೆ ಮೇಡಂ, ಆದರೆ ಇದು ನಮ್ಮಂಥವರಿಗಲ್ಲ" ಎಂದಳು.

ಯಜಮಾನರು ಹೇಳಿದರು: "ಬಂಡೆ ಕಡಿಮೆ ಮಾಡಿ. ಮುಳುಗಿದ ಕಡೆಯಿಂದಲೇ ಮತ್ತೆ ಶುರುವಾಗಲಿ. ಈಗಿನವರಿಗೆ ತಾಳ್ಮೆಯಿಲ್ಲ."

ಪಂಪಾವತಿ ಹಾಗೆಯೇ ಮಾಡಿದಳು. ಅದೇ ಇಪ್ಪತ್ತು ಮಂದಿ ಬಂದರು. ಒಂದು ಗಂಟೆಯೊಳಗೆ ಎಲ್ಲರೂ ಹನ್ನೆರಡನೆಯ ದಡ ಮುಟ್ಟಿದರು. ಯಜಮಾನರಿಗೆ ಸಂತೋಷವಾಯಿತು. ಒಂದು ವಾರ ಬಿಟ್ಟು ಪಂಪಾವತಿ ಇಪ್ಪತ್ತು ಮಂದಿಗೂ ಫೋನ್ ಮಾಡಿ ವಿಚಾರಿಸಿದಳು. ಮೂವರಿಗೆ ಮಾತ್ರ ಆಟದ ಹೆಸರು ನೆನಪಿತ್ತು. ಇನ್ನೊಮ್ಮೆ ಆಡಬೇಕೆಂದು ಒಬ್ಬರೂ ಹೇಳಲಿಲ್ಲ.

ಅವಳು ಆ ಸುಲಭದ ಆಟವನ್ನು ಅಳಿಸಿಹಾಕಿದಳು. ಯಜಮಾನರು ಸಿಟ್ಟಾದರು.

"ಸರ್, ಇದು ನದಿ ದಾಟುವ ಆಟ" ಎಂದಳು ಪಂಪಾವತಿ. "ನಾವು ನದಿಯನ್ನೇ ತೆಗೆದುಬಿಟ್ಟಿದ್ದೆವು."

"ಆರು ವಾರ ಕೊಡುತ್ತೇನೆ. ಆಗಲೂ ಎದ್ದು ಹೋದರೆ ಇದನ್ನು ಇಲ್ಲಿಗೇ ಬಿಟ್ಟುಬಿಡಬೇಕು."

"ಆಗಲಿ. ಆದರೆ ಒಂದು ಬಂಡೆಯನ್ನೂ ತೆಗೆಯುವುದಿಲ್ಲ."

ಹಾಗೆ ಹೇಳಿ ಬಂದಳು. ಏನು ಮಾಡಬೇಕೆಂದು ಮಾತ್ರ ಅವಳಿಗೂ ತಿಳಿದಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಹೋದಳು. ಮೇಷ್ಟರು ಇನ್ನೂ ಟೈಪಿಂಗ್ ಕಲಿಸುತ್ತಿದ್ದರು. ಪಾಠ ಮುಗಿಯುವವರೆಗೆ ಅವಳು ಬೆಂಚಿನ ಮೇಲೆ ಕಾದಳು.

"ಮೇಷ್ಟ್ರೇ, ಆಗ ಹನ್ನೆರಡೂ ಹಂತ ದಾಟಿದವರು ಎಷ್ಟು ಮಂದಿ?"

"ಹೆಚ್ಚುಕಡಿಮೆ ಎಲ್ಲರೂ ದಾಟಿದರಲ್ಲಮ್ಮ. ಯಾಕೆ?"

"ಅಷ್ಟು ಕಷ್ಟದ್ದನ್ನು ಹೇಗೆ ದಾಟಿದರು? ನಮಗೆ ಅಷ್ಟೊಂದು ತಾಳ್ಮೆ ಇತ್ತೇ?"

ಮೇಷ್ಟರು ನಕ್ಕರು. "ನಿಮಗೆ ಎಲ್ಲಿಯ ತಾಳ್ಮೆ! ಇದ್ದದ್ದು ಒಂದೇ ಕಂಪ್ಯೂಟರ್. ಒಬ್ಬರು ಆಡಿದರೆ ಹದಿನೈದು ಮಂದಿ ಬೆನ್ನ ಹಿಂದೆ. ಒಬ್ಬ ಮುಳುಗಿದರೆ ಆ ಬಂಡೆ ಎಲ್ಲಿದೆ ಅಂತ ಹದಿನೈದು ಮಂದಿಗೂ ಗೊತ್ತಾಗುತ್ತಿತ್ತು. ನೀನು ಎಷ್ಟು ಸಲ ಮುಳುಗಿದ್ದೆ ಹೇಳು ನೋಡೋಣ?"

ಪಂಪಾವತಿ ನೆನಪು ಮಾಡಿಕೊಂಡಳು. ತಾನು ಆ ಆಟವನ್ನು ಆಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ತನ್ನ ಸರದಿ ಬರುವ ಹೊತ್ತಿಗೆ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಕೈಗೆ ಬಂದಿರುತ್ತಿತ್ತು. ಏಳನೆಯ ಹಂತದಲ್ಲಿ ನೀರಿನ ಕೆಳಗಿನ ಬಂಡೆಯನ್ನು ಅವಳಿಗೆ ತೋರಿಸಿಕೊಟ್ಟವಳು ಅಲ್ಲಿ ಮುಳುಗಿ ಕಿರುಚಿದ ಮತ್ತೊಬ್ಬ ಹುಡುಗಿ. ಕಾಗದದ ಮೇಲೆ ಪ್ರೋಗ್ರಾಂ ಪೂರ್ತಿ ಇತ್ತು. ಬೆನ್ನ ಹಿಂದೆ ನಿಂತ ಹದಿನೈದು ಮಂದಿ ಆ ಕಾಗದದಲ್ಲಿ ಇರಲಿಲ್ಲ.

ಅವಳು ಹುಬ್ಬಳ್ಳಿಗೆ ಮರಳಿ ಕೆಲಸಕ್ಕೆ ಕೂತಳು. ಬಂಡೆಗಳನ್ನು, ಸುಳಿಗಳನ್ನು ಮೊದಲಿದ್ದ ಜಾಗಕ್ಕೆ ತಂದಳು. ಮುಳುಗಿದರೆ ಮೊದಲಿಂದ ಎಂಬ ನಿಯಮವನ್ನೂ ತಂದಳು. ಒಂದನ್ನು ಮಾತ್ರ ಹೊಸದಾಗಿ ಸೇರಿಸಿದಳು. ಯಾರು ಎಲ್ಲಿ ಮುಳುಗಿದರೂ ಅಲ್ಲಿ ಒಂದು ಬೋರಲು ಬಿದ್ದ ಹರಿಗೋಲು ನಿಲ್ಲುವಂತೆ ಮಾಡಿದಳು. ಆಮೇಲೆ ಬಂದವರಿಗೆಲ್ಲ ಅದು ಕಾಣುತ್ತಿತ್ತು. ಮುಳುಗಿದವರು ಬೇಕೆಂದರೆ ತಮ್ಮ ದನಿಯಲ್ಲಿ ಒಂದು ಮಾತನ್ನು ಅಲ್ಲಿ ಬಿಟ್ಟು ಹೋಗಬಹುದಿತ್ತು. ಹತ್ತಿರ ಬಂದವರಿಗೆ ಆ ಮಾತು ಕೇಳಿಸುತ್ತಿತ್ತು. ಈ ಒಂದು ಕೆಲಸಕ್ಕೆ ಆರು ವಾರವೂ ಬೇಕಾಯಿತು. ಎರಡು ಸಲ ಕೈಕೊಟ್ಟಿತು. ಎರಡು ಸಲವೂ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಳು.

ಇಪ್ಪತ್ತರಲ್ಲಿ ಹದಿನೆಂಟು ಮಂದಿ ಮತ್ತೆ ಬಂದರು. ಎಲ್ಲರೂ ಎರಡನೆಯ ಹಂತದಲ್ಲಿ ಮೊದಲಿನಂತೆಯೇ ಮುಳುಗಿದರು. ಯಜಮಾನರು ಗಡಿಯಾರ ನೋಡಿದರು. ಆಗ ಒಬ್ಬ ಹುಡುಗನ ಹರಿಗೋಲು ನದಿಯ ನಡುವೆ ಬೋರಲು ಬಿದ್ದ ಇನ್ನೊಂದರ ಹತ್ತಿರ ಬಂತು. "ಎಡಕ್ಕೆ ಬರಬೇಡಿ, ನಾನು ಇಲ್ಲೇ ಹೋದೆ" ಎಂದಿತು ಶೈಲಶ್ರೀಯ ದನಿ. ಹುಡುಗ ತಟ್ಟನೆ ಬಲಕ್ಕೆ ತಿರುಗಿ, ಅಲ್ಲಿದ್ದ ಇನ್ನೊಂದು ಬಂಡೆಗೆ ಬಡಿದ. ಕಿವಿಯಿಂದ ಹೆಡ್‌ಫೋನ್ ಕಿತ್ತು, "ಏಯ್ ಶೈಲಾ, ಬಲಕ್ಕೂ ಬಂಡೆ ಇದೆ ಕಣೇ!" ಎಂದು ಕೂಗಿದ. ಕೋಣೆಯೆಲ್ಲ ನಕ್ಕಿತು. ಕಾಲು ಗಂಟೆ ಕಳೆಯಿತು. ಒಬ್ಬರೂ ಏಳಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋದವರು ಮತ್ತೆ ಬಂದು ಕೂತರು. ಶೈಲಶ್ರೀ ನಾಲ್ಕನೆಯ ಹಂತ ಒಂದರಲ್ಲೇ ಹನ್ನೊಂದು ಸಲ ಮುಳುಗಿದಳು. ಅವಳು ಬಿಟ್ಟ ಮಾತುಗಳನ್ನು ಹಿಡಿದು ಬೇರೆ ನಾಲ್ವರು ಆ ಹಂತ ದಾಟಿದರು. ಹನ್ನೆರಡನೆಯ ಸಲ ಅವಳೂ ದಾಟಿದಳು.

ಬಂಡೆಗಳ ವಿಷಯವನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಆಟ ಹೊರಬಂತು. ಪಂಪಾವತಿ ಮೊದಲು ಅದನ್ನು ಹುಲುಗಪ್ಪ ಮೇಷ್ಟರ ಹತ್ತಿರ ಒಯ್ದಳು. ಮೇಷ್ಟರು ತಮ್ಮ ವಿದ್ಯಾರ್ಥಿಗಳ ನಡುವೆ ಕೂತು ಆಡಿದರು. ಐದನೆಯ ಹಂತದಲ್ಲಿ, ತಾವೇ ಇಟ್ಟ ಬಂಡೆಗೆ ತಾವೇ ಬಡಿದು ಮುಳುಗಿದರು. ಒಂದು ಮಾತು ಬಿಟ್ಟು ಹೋಗಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಮೇಷ್ಟರು ಬಾಯಿ ತೆರೆದರು. ನಗು ತಡೆಯಲಾಗಲಿಲ್ಲ. ಆ ನಗುವೇ ಅಲ್ಲಿ ಉಳಿಯಿತು. ಆ ಹಂತಕ್ಕೆ ಬಂದವರು ಈಗಲೂ ಅದನ್ನು ಕೇಳಿ, ಹರಿಗೋಲು ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ರೇವಣಯ್ಯ ಗುರುಗಳ ಪಕ್ಕದಲ್ಲಿದ್ದ ತನ್ನ ಪುಸ್ತಕದ ಕಡೆ ನೋಡಿದ. ಆಮೇಲೆ ಕೇಳಿದ: "ಹಾಗಾದರೆ ಕಷ್ಟದ ಅಭ್ಯಾಸಗಳನ್ನು ಮತ್ತೆ ಸೇರಿಸಲೇ, ಗುರುಗಳೇ? ಸೇರಿಸಿದರೆ ಉಳಿದ ಒಂಬತ್ತು ಮಂದಿಯೂ ಹೋದಾರು. ಬಿಡಿಸಲಾಗದೆ ಅವರು ನಾಚಿಕೊಳ್ಳುತ್ತಾರೆ. ನಾನು ಒಂದು ಸಲವೂ ತಪ್ಪದೆ ಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ. ಆದರೂ ಕೈ ಎತ್ತುವುದಿಲ್ಲ."

ಗುರುಗಳು ಅವನ ಪುಸ್ತಕವನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟು ಕೇಳಿದರು:

"ನೀನು ತಪ್ಪಿದ್ದನ್ನು ಆ ಮಕ್ಕಳು ಎಂದಾದರೂ ನೋಡಿದ್ದಾರೆಯೇ?"